ಇದ್ದಷ್ಟೇ ಅಲೆ ಹೇಳುವ ಅಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಕಡಲಿಗೆ ಇಳಿಯುವ ಕಲ್ಲು ಮೆಟ್ಟಿಲುಗಳ ಮೇಲ್ತುದಿಯಲ್ಲಿ ಒಂದು ಮೋಟುಗೋಡೆ. ಅದರ ಮೇಲೆ, ಹವಾಮಾನ ಹೇಳಿ ಹೇಳಿ ಎಲ್ಲರಿಗೂ ಹವಾ ಅಕ್ಕ ಆದವರು ಕಾಲು ಇಳಿಬಿಟ್ಟು ಕೂತಿದ್ದಾರೆ. ಪಕ್ಕದಲ್ಲಿ ಚಹಾದ ಫ್ಲಾಸ್ಕು, ಮಡಿಲಲ್ಲಿ ದುರ್ಬೀನು, ತಲೆಗೆ ಕಿವಿ ಮುಚ್ಚುವ ಉಣ್ಣೆ ಟೋಪಿ. ನಾನು ಬಂದದ್ದು ಅವರಿಗೆ ಗೊತ್ತು, ಆದರೂ ತಿರುಗಿ ನೋಡುವುದಿಲ್ಲ. "ಕೂತ್ಕೊಳ್ಳಿ ಮೇಡಂ. ಈಗ ಮಾತಾಡ್ಬೇಡಿ, ಎಣಿಸ್ತಾ ಇದೀನಿ" ಎನ್ನುತ್ತಾರೆ. ಪತ್ರಿಕೆಗಾಗಿ ಜನರನ್ನು ಮಾತಾಡಿಸುವುದೇ ಹೊಟ್ಟೆಪಾಡಾಗಿರುವ ನನ್ನಂಥವಳಿಗೆ ಇದಕ್ಕಿಂತ ಶಿಕ್ಷೆ ಬೇಕೆ? ತೆಪ್ಪಗೆ ಕೂರುತ್ತೇನೆ.

ಎದುರಿಗೆ ಕಡಲು. ದಡದಿಂದ ಕೂಗಳತೆ ದೂರದಲ್ಲಿ, ನೀರಿನ ಕೆಳಗೆ, ಚೂಪು ಬಂಡೆಗಳ ಸಾಲೊಂದು ಅಡಗಿದೆ. ಎಲ್ಲೋ ಆಚೆ ಎದ್ದ ಬಿರುಗಾಳಿಯಿಂದ ಹೊರಟ ಅಲೆ ಈ ಬಂಡೆಸಾಲಿಗೆ ತಾಗಿದ ಕೂಡಲೇ ಎದ್ದು ನಿಂತು, ಬಾಗಿ, ಒಡೆಯುತ್ತದೆ. ಹಾಗೆ ಬಾಗಿದ ಅಲೆಯ ಮೈಮೇಲೆ ಬೋರ್ಡ್ ಹತ್ತಿ ಜಾರಲು ಜನ ಇಲ್ಲಿಗೆ ಬರುತ್ತಾರೆ. ಸರ್ಫಿಂಗ್ ಈಗಷ್ಟೇ ಕಲಿಯುವವರಿಗೆ ಆಚೆ ತಿರುವಿನಲ್ಲಿ ಮರಳ ದಂಡೆ ಇದೆ. ಅಲ್ಲಿ ಬಿದ್ದರೆ ಬಾಯಿಗೆ ಮರಳು, ಇಲ್ಲಿ ಬಿದ್ದರೆ ಮೈಗೆ ಬಂಡೆ. ಹಾಗಾಗಿ ಇದು ಪಳಗಿದವರ ಜಾಗ, ಮತ್ತು ಆ ಪಳಗಿದವರೂ ಹವಾ ಅಕ್ಕನ ಮಾತು ಕೇಳದೆ ನೀರಿಗಿಳಿಯುವುದಿಲ್ಲ.

ಅವರ ಕೆಲಸ ಹೇಳುವುದಕ್ಕೆ ಸಣ್ಣದು. ದಿನಾ ಬೆಳಗಿನ ಜಾವ ಎದ್ದು ಕಂಪ್ಯೂಟರಿನಲ್ಲಿ ಗಾಳಿ, ಅಲೆ, ಉಬ್ಬರ ಇಳಿತದ ಅಂಕಿಗಳನ್ನು ನೋಡಬೇಕು. ಆಮೇಲೆ ಈ ಗೋಡೆಗೆ ಬಂದು ಕಡಲನ್ನೇ ನೋಡಬೇಕು. ಎರಡನ್ನೂ ತಾಳೆ ಹಾಕಿ ಫೋನಿನಲ್ಲಿ ಒಂದು ನಿಮಿಷದ ಮಾತು ರೆಕಾರ್ಡ್ ಮಾಡಿ ಕಳಿಸಬೇಕು, ಅದನ್ನೇ ಮೆಟ್ಟಿಲ ಬಳಿಯ ಕರಿಹಲಗೆಯ ಮೇಲೂ ಬರೆಯಬೇಕು. ನಾನೂರಕ್ಕೂ ಹೆಚ್ಚು ಜನ ಹಾಸಿಗೆಯಿಂದ ಏಳುವ ಮೊದಲೇ ಆ ಮಾತು ಕೇಳುತ್ತಾರೆ. ಸಂಬಳ ಕೊಡುವುದು ಇಲ್ಲಿನ ಸರ್ಫರುಗಳ ಸಂಘ. ರಜೆ ಅಂತ ಇಲ್ಲ. "ಕಡಲು ರಜೆ ಹಾಕಿದ್ರೆ ನಾನೂ ಹಾಕ್ತೀನಿ" ಎಂದು ನಿನ್ನೆ ಅವರು ನಕ್ಕಿದ್ದರು.

ಇವತ್ತು ನಗುವಿಲ್ಲ. ಕಾರಣ ಮೆಟ್ಟಿಲಿನ ಕೆಳಗೆ ಇದೆ. ಅಲ್ಲಿ ಒಬ್ಬ ಹುಡುಗಿ ಬೋರ್ಡನ್ನು ಮಡಿಲಲ್ಲಿಟ್ಟುಕೊಂಡು, ಕಾಲು ಜಾರದಂತೆ ಅದಕ್ಕೆ ಮೇಣ ಉಜ್ಜುತ್ತಿದ್ದಾಳೆ. ಅಕ್ಕನ ಒಬ್ಬಳೇ ಮಗಳು. ಮರಳ ದಂಡೆಯಲ್ಲಿ ಕಲಿಯುವವರಿಗೆ ಪಾಠ ಹೇಳುವವಳು, ಬಂಡೆಸಾಲಿಗೆ ಈವರೆಗೆ ಇಳಿದಿಲ್ಲ. ಈ ವಾರ ಇಳಿಯುತ್ತೇನೆ ಎಂದು ತೀರ್ಮಾನಿಸಿದ್ದಾಳೆ, ಹುಚ್ಚು ಸಾಹಸವಲ್ಲ, ತನಗೆ ತಾನೇ ಗೆರೆ ಹಾಕಿಕೊಂಡಿದ್ದಾಳೆ: ಅಲೆ ತಲೆ ಮಟ್ಟ ಮೀರಬಾರದು, ಗಾಳಿ ನೆಲದ ಕಡೆಯಿಂದ ಬೀಸಬೇಕು. ಅದಕ್ಕಿಂತ ಹೆಚ್ಚಾದರೆ ವಾಪಸ್ಸು ಮನೆಗೆ.

ಇಲ್ಲಿ ಅಲೆಯನ್ನು ಅಳೆಯುವುದು ಮೈ ಲೆಕ್ಕದಲ್ಲಿ. ಮಂಡಿ, ಸೊಂಟ, ಎದೆ, ತಲೆ, ತಲೆ ಮೇಲೆ. ಅಡಿ, ಮೀಟರು ಎಂದರೆ ಒಬ್ಬೊಬ್ಬರು ಒಂದೊಂದು ಥರ ಊಹಿಸುತ್ತಾರೆ, ಎದೆ ಎಂದರೆ ಎಲ್ಲರಿಗೂ ಎದೆಯೇ. ಈ ಐದು ಪದಗಳಲ್ಲಿ ಒಂದನ್ನು ಆರಿಸಿ ಹೇಳುವುದು ಅಕ್ಕನ ಬಾಯಿ. "ನಾನು 'ತಲೆ ಮೇಲೆ' ಅಂದ್ರೆ ಸಾಕು, ಅವಳು ಬೋರ್ಡ್ ಎತ್ಕೊಂಡು ಸೀದಾ ಮನೆಗೆ ಹೋಗ್ತಾಳೆ. ಒಂದೇ ಪದ ಮೇಡಂ. ಯಾರಿಗೂ ಗೊತ್ತಾಗಲ್ಲ" ಎಂದು ಪಿಸುದನಿಯಲ್ಲಿ ಹೇಳಿ ಮತ್ತೆ ಕಡಲಿನ ಕಡೆ ತಿರುಗುತ್ತಾರೆ. ತಾಯಿಯ ಬಾಯಿಗೆ ಇಂಥ ಅಧಿಕಾರ ಯಾರು ಕೊಟ್ಟರೋ ಎಂದು ನನಗೆ ಒಂದು ಕ್ಷಣ ಸಿಟ್ಟೇ ಬರುತ್ತದೆ.

ಎಣಿಸುವುದು ಮುಗಿಯುವುದೇ ಇಲ್ಲ. ನನ್ನ ಕಣ್ಣಿಗೆ ಕಡಲು ಕೊಳದ ಹಾಗೆ ಸುಮ್ಮನಿದೆ. ಹಾಗಂತ ಹೇಳಿಯೂ ಬಿಡುತ್ತೇನೆ. ಅಕ್ಕ ಬೆರಳೆತ್ತಿ ಇರಿ ಎನ್ನುತ್ತಾರೆ. ಫ್ಲಾಸ್ಕಿನ ಮುಚ್ಚಳದಲ್ಲಿ ಸುರಿದ ಚಹಾ ಅರ್ಧ ಮುಗಿಯುವಷ್ಟರಲ್ಲಿ ದೂರದ ನೀರು ಗೆರೆ ಗೆರೆಯಾಗಿ ಕಪ್ಪಾಗುತ್ತದೆ. ಒಂದು, ಎರಡು, ಮೂರು, ನಾಲ್ಕು ಅಲೆಗಳು ಒಂದರ ಹಿಂದೆ ಒಂದು ಎದ್ದು, ಗೋಡೆ ಅದುರುವಂತೆ ಒಡೆಯುತ್ತವೆ. ನಾನು ಚಹಾ ಚೆಲ್ಲಿಕೊಳ್ಳುತ್ತೇನೆ.

"ದೂರದಿಂದ ಬರೋ ಅಲೆ ಒಂಟಿಯಾಗಿ ಬರಲ್ಲ, ಗುಂಪು ಕಟ್ಕೊಂಡು ಬರುತ್ತೆ. ಬಂದು ಹೋದ್ಮೇಲೆ ದೊಡ್ಡ ಬಿಡುವು. ಆ ಬಿಡುವಲ್ಲಿ ಬಂದು ನೋಡೋರು, ಅಯ್ಯೋ ಏನೂ ಇಲ್ಲ ಅಂತ ಇಳೀತಾರೆ. ಈಜ್ಕೊಂಡು ಬಂಡೆ ಹತ್ರ ಹೋಗೋ ಹೊತ್ತಿಗೆ ಗುಂಪು ತಲೆ ಮೇಲೆ" ಎಂದು ಅಕ್ಕ ವಿವರಿಸುತ್ತಾರೆ. ಮೊನ್ನೆ ಕಾರಿನಿಂದಿಳಿದ ನಾಲ್ವರು ಹೀಗೇ ಒಂದು ಸಿಗರೇಟು ಮುಗಿಯುವಷ್ಟು ಹೊತ್ತು ನೋಡಿ ಹೊರಟಿದ್ದರಂತೆ. ಒಂದು ಚಹಾ ಕುಡಿದು ಹೋಗಿ ಎಂದು ಅಕ್ಕ ಕೂರಿಸಿಕೊಂಡರಂತೆ. ಚಹಾ ಮುಗಿಯುವ ಮೊದಲೇ ಗುಂಪು ಬಂತು. ನಾಲ್ವರೂ ಮರಳ ದಂಡೆ ಎಲ್ಲಿ ಎಂದು ದಾರಿ ಕೇಳಿಕೊಂಡು ಹೋದರಂತೆ. ಅದಕ್ಕೇ ಪೂರ್ತಿ ಮೂರು ಗುಂಪು ಬಂದು ಹೋಗುವ ತನಕ ಅಕ್ಕ ಅಲೆಯ ಮಟ್ಟ ಹೇಳಲು ಬಾಯಿ ತೆರೆಯುವುದಿಲ್ಲ.

ಈ ಕೆಲಸಕ್ಕೆ ಬರುವ ಮೊದಲು ಅವರು ಬಂದರಿನ ಹವಾಮಾನ ಕೊಠಡಿಯಲ್ಲಿ ಫೋನ್ ಎತ್ತುತ್ತಿದ್ದರು. ಒಂದು ಕಿಟಕಿ, ಎರಡು ಫೋನು, ಗೋಡೆ ತುಂಬ ಮುಳ್ಳು ಅಲ್ಲಾಡುವ ಯಂತ್ರಗಳು. ದೋಣಿಯವರು ಫೋನ್ ಮಾಡಿ, ಹೋಗಬಹುದೋ ಇಲ್ಲವೋ ಎಂದು ಕೇಳುವರು. ಕೊಠಡಿಯ ಹಿರಿಯರು ಕಲಿಸಿದ್ದು ಒಂದೇ ಪಾಠ, ಅಡ್ಡಗೋಡೆಯ ಮೇಲೆ ದೀಪ ಇಡುವುದು. ಗಾಳಿ ಸಾಧಾರಣ, ಕೆಲವೊಮ್ಮೆ ಜೋರು, ಎಚ್ಚರ ಇರಲಿ. ಹೀಗಂದರೆ ಏನೇ ಅನಾಹುತವಾದರೂ ಹೊಣೆ ಹೇಳಿದವರ ಮೇಲೆ ಬರುವುದಿಲ್ಲ. ಅಕ್ಕನಿಗೆ ಅದು ಒಗ್ಗಲಿಲ್ಲ, ಆದರೆ ಇನ್ನೊಂದು ಚಾಳಿ ಅಂಟಿತು. ಯಾರೂ ನೀರಿಗೆ ಬಿದ್ದು ಸಾಯಬಾರದೆಂದು, ಇದ್ದ ಗಾಳಿಗೆ ಸ್ವಲ್ಪ ಸೇರಿಸಿ ಹೇಳುವುದು. "ಅಂಜಿಕೆ ಲೆಕ್ಕ ಅಂತ ನಾನೇ ಹೆಸರಿಟ್ಟಿದ್ದೆ. ಜಾಸ್ತಿ ಹೇಳಿದ್ರೆ ನಮ್ಮ ಗಂಟೇನು ಹೋಗುತ್ತೆ ಅಂದ್ಕೊಂಡಿದ್ದೆ." ಬಂದರಿನ ಯಂತ್ರಗಳು ತಾವೇ ಮಾತಾಡಲು ಕಲಿತ ಮೇಲೆ ಫೋನಿನ ಕೆಲಸ ಹೋಯಿತು. ಪರಿಚಿತ ಧ್ವನಿ ಎಂದು ಸಂಘದವರು ಇಲ್ಲಿಗೆ ಕರೆದರು. ಅಂಜಿಕೆ ಲೆಕ್ಕವೂ ಜೊತೆಗೇ ಬಂತು.

ಆ ಲೆಕ್ಕದ ಕತೆ ಪೂರ್ತಿ ಕೇಳಬೇಕಾದರೆ ಅವರ ಮನೆಯ ಹಿಂಬದಿಯ ಶೆಡ್ಡಿಗೆ ಹೋಗಬೇಕು. ಅಲ್ಲಿ ಅಕ್ಕನ ಯಜಮಾನರು ಮುರಿದ ಬೋರ್ಡುಗಳನ್ನು ರಿಪೇರಿ ಮಾಡುತ್ತಾರೆ. ನಿನ್ನೆ ನಾನು ಹೋದಾಗ ಮೂಗಿಗೆ ಬಟ್ಟೆ ಕಟ್ಟಿಕೊಂಡು, ಬಿಳಿ ಪುಡಿಯಲ್ಲಿ ಮಿಂದು, ಒಂದು ಬೋರ್ಡಿನ ಗಾಯಕ್ಕೆ ಅಂಟು ತುಂಬಿ ಉಜ್ಜುತ್ತಿದ್ದರು. ಎಡಮಂಡಿ ಮಡಚುವುದಿಲ್ಲ, ಆ ಕಾಲನ್ನು ಒಂದು ಪೆಟ್ಟಿಗೆಯ ಮೇಲೆ ಚಾಚಿಟ್ಟಿದ್ದರು. "ಇದು ನಮ್ಮನೆಯೋಳು ಹೇಳಿದ ಹವಾಮಾನ" ಎಂದು ಮಂಡಿ ತಟ್ಟಿ ತೋರಿಸಿದರು. ಬಾಗಿಲಲ್ಲಿ ನಿಂತಿದ್ದ ಅಕ್ಕ, "ಅಲ್ಲ, ಇವ್ರು ಕೇಳಿಸ್ಕೊಂಡ ಹವಾಮಾನ" ಎಂದರು. ಈ ಜಗಳ ಹಳೆಯದು, ಇಬ್ಬರಿಗೂ ಬಾಯಿಪಾಠವಾಗಿದೆ.

ನಡೆದದ್ದು ಇಷ್ಟು. ಅಕ್ಕ ಒಂದು ಮಟ್ಟ ಸೇರಿಸಿ ಹೇಳುತ್ತಾರೆ ಎಂಬುದು ಸರ್ಫರುಗಳಿಗೆ ಬಲುಬೇಗ ಗೊತ್ತಾಯಿತು. ತೋಳ ಬಂತು ತೋಳದ ಕತೆಯೇ. ಅವರು ತಲೆ ಎಂದರೆ ಇವರು ಎದೆ ಎಂದು ಕೇಳಿಸಿಕೊಳ್ಳುವರು, ಎದೆ ಎಂದರೆ ಸೊಂಟ. ಅವರು ಸೇರಿಸುವುದು, ಇವರು ಕಳೆಯುವುದು, ಲೆಕ್ಕ ಸರಿಹೋಗುತ್ತಿತ್ತು. ಒಂದು ದಿನ ಸಂಘದ ಸಭೆಯಲ್ಲಿ ಯಾರೋ, ಅಕ್ಕನ ಮಾತಿನಲ್ಲಿ ಅರ್ಧ ನೀರು ಎಂದು ತಮಾಷೆ ಮಾಡಿದರು. ಅಕ್ಕನಿಗೆ ಅದು ನಾಟಿತು. ನಾಳೆಯಿಂದ ಇದ್ದದ್ದನ್ನೇ ಹೇಳುತ್ತೇನೆ ಎಂದು ಮನಸ್ಸಿನಲ್ಲೇ ನಿಶ್ಚಯಿಸಿದರು. ಯಾರಿಗೂ ಹೇಳಲಿಲ್ಲ, ಗಂಡನಿಗೂ ಹೇಳಲಿಲ್ಲ. ಮರುದಿನ ಬೆಳಿಗ್ಗೆ ಅಲೆ ನಿಜಕ್ಕೂ ತಲೆ ಮಟ್ಟ ಇತ್ತು. ತಲೆ ಎಂದರು. ಯಜಮಾನರು ಎಂದಿನಂತೆ ಒಂದು ಮಟ್ಟ ಕಳೆದು, ಎದೆ ಮಟ್ಟದ ಅಲೆಗೆ ಒಯ್ಯುವ ಚಿಕ್ಕ ಬೋರ್ಡು ಎತ್ತಿಕೊಂಡು, ಇಳಿತದ ಹೊತ್ತಿಗೆ ನೀರಿಗಿಳಿದರು. ಮೊದಲನೇ ಗುಂಪೇ ಅವರನ್ನು ಬಂಡೆಗೆ ಅಪ್ಪಳಿಸಿತು.

"ನಾನು ಸುಳ್ಳು ಹೇಳ್ತಿದ್ದಾಗ ಯಾರಿಗೂ ಏನೂ ಆಗ್ಲಿಲ್ಲ. ನಿಜ ಹೇಳಿದ ದಿನವೇ ಇವ್ರ ಕಾಲು ಹೋಯ್ತು" ಎಂದು ಅಕ್ಕ ಶೆಡ್ಡಿನ ಬಾಗಿಲಿಗೆ ಒರಗಿ ಹೇಳಿದರು. ಯಜಮಾನರು ಮಾತು ಎತ್ತಿಕೊಂಡರು. "ಹೆಂಡ್ತಿ ಮಾತನ್ನ ಅರ್ಧ ಕಳೆದು ಕೇಳೋದು ಗಂಡಸರ ಚಾಳಿ ಮೇಡಂ. ಮಾಡಿದ್ದುಣ್ಣೋ ಮಹರಾಯ ಅಂತಾರಲ್ಲ, ಉಂಡೆ. ಈಗ ಇವಳು ಹೇಳಿದ್ದನ್ನ ಹೇಳಿದಷ್ಟೇ ಕೇಳ್ತೀನಿ. ಉಪ್ಪು ತಾ ಅಂದ್ರೂ ಎಷ್ಟು ಅಂತ ಕೇಳ್ತೀನಿ."

ಅವರು ಆಸ್ಪತ್ರೆಯಿಂದ ಮನೆಗೆ ಬಂದ ಮಾರನೇ ಬೆಳಿಗ್ಗೆ ಅಕ್ಕ ಮತ್ತೆ ಗೋಡೆಯ ಮೇಲೆ ಕೂತರು. ಆವತ್ತಿನ ಮಾತಿನಲ್ಲಿ, ಈವರೆಗೆ ಸೇರಿಸಿ ಹೇಳುತ್ತಿದ್ದೆ, ಇನ್ನು ಸೇರಿಸುವುದಿಲ್ಲ, ನೀವೂ ಕಳೆಯಬೇಡಿ ಎಂದು ಎಲ್ಲರಿಗೂ ಹೇಳಿದರು. ಜೊತೆಗೆ ಒಂದು ಹೊಸ ಪದ್ಧತಿ ಇಟ್ಟುಕೊಂಡರು. ದಿನದ ಮಾತನ್ನು ಹಿಂದಿನ ದಿನದ ತಪ್ಪಿನಿಂದಲೇ ಶುರು ಮಾಡುವುದು. ನಿನ್ನೆ ಮಂಜು ಬೇಗ ಕರಗುತ್ತೆ ಅಂದಿದ್ದೆ, ಕರಗಲಿಲ್ಲ, ತಪ್ಪು ನನ್ನದು. ತಪ್ಪು ಇಲ್ಲದ ದಿನ, ನಿನ್ನೆ ಸರಿಯಿತ್ತು ಎಂಬ ಎರಡೇ ಪದ. ಇಷ್ಟಾದರೂ ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎನ್ನುವ ಹಾಗೆ, ಅಲೆ ಸಿಗದವರೆಲ್ಲ ಅಕ್ಕನನ್ನು ಬೈಯುತ್ತಾರೆ. ಅಲೆ ಸಿಕ್ಕವರು ಯಾರೂ ಫೋನ್ ಮಾಡಿ ಹೊಗಳಿದ್ದಿಲ್ಲ.

ಅವರು ಸರ್ಫಿಂಗ್ ಮಾಡುವುದಿಲ್ಲ. ಆದರೆ ಬೇಸಿಗೆಯಲ್ಲಿ ಕಡಲು ಸತ್ತಂತೆ ಮಲಗಿರುವಾಗ, ಕಣ್ಣಿಗೆ ಗಾಜು ಕಟ್ಟಿಕೊಂಡು ಬಂಡೆಸಾಲಿನ ಮೇಲೆಲ್ಲ ಈಜಿ ನೋಡಿದ್ದಾರೆ. ಬಂಡೆಗಳಿಗೆ ಅವರೇ ಹೆಸರಿಟ್ಟಿದ್ದಾರೆ. ನೀರು ಇಳಿದಾಗ ಮೊದಲು ತಲೆ ಎತ್ತುವವಳು ಅತ್ತೆ. ಅವಳು ಕಂಡಳೆಂದರೆ ಆಟ ಮುಗಿಸಿ ಎಲ್ಲರೂ ಮೇಲೆ ಬರಬೇಕು. ಎಂದೂ ಮೇಲೆ ಕಾಣದೆ, ತಾಗಿದಾಗಷ್ಟೇ ತಿಳಿಯುವವಳು ಸೊಸೆ. "ಅತ್ತೆ ಪಾಪ, ಮುಖಕ್ಕೆ ಹೇಳ್ತಾಳೆ. ಜೋಪಾನ ಇರ್ಬೇಕಾದ್ದು ಸೊಸೆ ಹತ್ರ" ಎಂದು ಅಕ್ಕ ಹೇಳಿದಾಗ, ಅವರು ಯಾರ ಕಡೆಯವರು ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ಮತ್ತೆ ಇವತ್ತಿನ ಬೆಳಗು. ಮೂರನೇ ಗುಂಪು ಬಂದು ಹೋಗಿದೆ. ಅಕ್ಕ ದುರ್ಬೀನು ಕೆಳಗಿಟ್ಟು, ನಾಲಗೆಯಿಂದ ತೋರುಬೆರಳು ಒದ್ದೆ ಮಾಡಿ ಗಾಳಿಗೆ ಹಿಡಿಯುತ್ತಾರೆ. ಗಾಳಿ ನಮ್ಮ ಬೆನ್ನಿಗೆ ಬೀಸುತ್ತಿದೆ, ಅಂದರೆ ನೆಲದಿಂದ ಕಡಲಿಗೆ. ಅದು ಅಲೆಯ ಮುಖವನ್ನು ನಯವಾಗಿ ಎತ್ತಿ ನಿಲ್ಲಿಸುತ್ತದೆ. ಕಡಲಿನಿಂದ ಬೀಸಿದ್ದರೆ ಎತ್ತು ಏರಿಗೆ, ಕೋಣ ನೀರಿಗೆ ಆಗಿ ಅಲೆಯೆಲ್ಲ ಚೆಲ್ಲಾಪಿಲ್ಲಿ. ಮಗಳ ಒಂದು ಶರತ್ತು ಹಾಗೆ ಈಡೇರಿತು. ಉಳಿದದ್ದು ಎತ್ತರ.

ಅಕ್ಕ ಫೋನನ್ನು ಬಾಯಿಗೆ ಹತ್ತಿರ ಹಿಡಿಯುತ್ತಾರೆ. "ನಮಸ್ಕಾರ. ನಿನ್ನೆ ಗಾಳಿ ಮಧ್ಯಾಹ್ನ ತಿರುಗುತ್ತೆ ಅಂದಿದ್ದೆ, ಬೆಳಿಗ್ಗೆನೇ ತಿರುಗ್ತು. ತಪ್ಪು ನನ್ನದು. ಇವತ್ತು ಅಲೆ ತಲೆ ಮೇಲೆ..." ಅಲ್ಲಿಗೆ ನಿಲ್ಲಿಸುತ್ತಾರೆ. ಹೆಬ್ಬೆರಳು ಗುಂಡಿಯ ಮೇಲೇ ಇದೆ. ನಾನು ಅವರ ಮುಖ ನೋಡುತ್ತೇನೆ, ಅವರು ನನ್ನನ್ನು ನೋಡುವುದಿಲ್ಲ. ಕೆಳಗೆ ಮಗಳು ಮೇಣದ ಉಂಡೆಯನ್ನು ಚೀಲಕ್ಕೆ ಹಾಕಿ ಫೋನ್ ಕೈಗೆತ್ತಿಕೊಂಡು ಕಾಯುತ್ತಿದ್ದಾಳೆ.

"ನೋಡಿದ್ರಾ ಮೇಡಂ, ತಾನಾಗೇ ಬಾಯಿಗೆ ಬಂತು" ಎಂದು ಅಕ್ಕ ಅಷ್ಟನ್ನೂ ಅಳಿಸುತ್ತಾರೆ. ಚಹಾ ಒಂದು ಗುಟುಕು ಕುಡಿಯುತ್ತಾರೆ. ಮತ್ತೆ ಶುರು ಮಾಡುತ್ತಾರೆ. ಈ ಸಲ ಧ್ವನಿ ವಾರ್ತೆ ಓದುವವರ ಧ್ವನಿಯಷ್ಟು ಸಪ್ಪೆ. "ಇವತ್ತು ಅಲೆ ತಲೆ ಮಟ್ಟ. ಗುಂಪಿಗೆ ನಾಲ್ಕೈದು, ಮೂರನೇದು ದೊಡ್ಡದು, ಉಳಿದವು ಎದೆ. ಬಿಡುವು ಜಾಸ್ತಿ ಇದೆ, ನೋಡಿ ಮೋಸ ಹೋಗ್ಬೇಡಿ. ಗಾಳಿ ನೆಲದಿಂದ, ತೆಳುವಾಗಿದೆ. ನೀರು ಇಳೀತಾ ಇದೆ. ಒಂಬತ್ತರ ಹೊತ್ತಿಗೆ ಅತ್ತೆ ತಲೆ ಎತ್ತುತ್ತಾಳೆ, ಅದಕ್ಕೆ ಮುಂಚೆ ಮೇಲೆ ಬನ್ನಿ. ಇಷ್ಟೇ."

ಮೆಟ್ಟಿಲ ಕೆಳಗೆ ಅದೇ ಧ್ವನಿ ಫೋನಿನಲ್ಲಿ ಮತ್ತೊಮ್ಮೆ ಕೇಳಿಸುತ್ತದೆ. ಕತ್ತೆತ್ತಿ ಕೇಳಿದ್ದರೆ ಅಮ್ಮನೇ ಹೇಳುತ್ತಿದ್ದರು, ಆದರೆ ಎಲ್ಲರಿಗೂ ಬಂದದ್ದನ್ನೇ ತಾನೂ ಕೇಳುತ್ತೇನೆ ಎಂಬುದು ಮಗಳ ಹಟ. ಕೇಳಿ ಮುಗಿಸಿ ಮೇಲೆ ಬರುತ್ತಾಳೆ.

"ಸೇರಿಸಿಲ್ಲ ತಾನೇ ಅಮ್ಮ?"

"ಇಲ್ಲ."

"ನನ್ನನ್ನ ಕಳಿಸೋಕೆ ಅಂತ ಕಳೆದೂ ಇಲ್ಲ ತಾನೇ?"

"ನಿನ್ನನ್ನ ಕಳಿಸೋಕೆ ನನಗೇನು ಹುಚ್ಚೇನೇ? ಇದ್ದದ್ದು ಹೇಳಿದೀನಿ. ಟೋಪಿ ಬಿಗಿಯಾಗಿ ಹಾಕ್ಕೋ."

ಮಗಳು ಹೆಲ್ಮೆಟ್ಟಿನ ಪಟ್ಟಿ ಎಳೆದು ತೋರಿಸುತ್ತಾಳೆ. ಅಮ್ಮನ ಕೆನ್ನೆಯನ್ನು ಮೇಣ ಮೆತ್ತಿದ ಬೆರಳಿನಿಂದ ಚಿವುಟಿ ಮೆಟ್ಟಿಲಿಳಿದು ಹೋಗುತ್ತಾಳೆ. ಅಷ್ಟು ಹೊತ್ತಿಗೆ ಇನ್ನೂ ಏಳೆಂಟು ಜನ ಬೋರ್ಡ್ ಹೊತ್ತು ಬಂದಿದ್ದಾರೆ. ಬಂಡೆಗಳ ನಡುವಿನ ಆಳದ ಸಂದಿಯಲ್ಲಿ, ಅಲೆ ಒಡೆಯದ ದಾರಿಯಲ್ಲಿ, ಅವರು ಸಾಲಾಗಿ ಈಜಿ ಹೋಗುತ್ತಾರೆ. ಅವಳು ಕೊನೆಯವಳು.

ಈಗ ಅಕ್ಕ ನೋಡುತ್ತಾರೆ ಎಂದುಕೊಂಡಿದ್ದೆ. ಅವರು ಕಡಲಿಗೆ ಬೆನ್ನು ಹಾಕಿ, ಸೀಮೆಸುಣ್ಣ ಹಿಡಿದು, ಕರಿಹಲಗೆಯ ಮುಂದೆ ನಿಲ್ಲುತ್ತಾರೆ. ಯಜಮಾನರು ಕುಂಟುತ್ತ ಬಂದು ಗೋಡೆಗೆ ಒರಗುತ್ತಾರೆ. ಇನ್ನು ಅಕ್ಕನಿಗೆ ಕಡಲಿನ ಸುದ್ದಿ ಅವರ ಬಾಯಿಯಿಂದಲೇ.

"ಮೊದಲನೇದು ಬಿಟ್ಟಳು" ಎನ್ನುತ್ತಾರೆ ಅವರು.

"ಒಳ್ಳೇದಾಯ್ತು."

"ಎರಡನೇದೂ ಬಿಟ್ಟಳು. ಮೂರನೇದಕ್ಕೆ ತಿರುಗಿದಾಳೆ. ಎದ್ದಳು. ಎದ್ದು ನಿಂತಳು ಕಣೇ." ಅಲೆ ಒಡೆದ ಸದ್ದು ಬರುತ್ತದೆ. ಯಜಮಾನರು ಗೋಡೆಯ ಮೇಲೆ ಮುಂದಕ್ಕೆ ಬಾಗುತ್ತಾರೆ. ಆಮೇಲೆ, "ಬಿದ್ದಳು."

ಅಕ್ಕ ಹಲಗೆಯ ಮೇಲೆ ಗಾಳಿ ಎಂದು ಬರೆಯುತ್ತಿದ್ದಾರೆ. ಸುಣ್ಣ ಅಲ್ಲೇ ನಿಂತಿದೆ. "ಮೇಲೆ ಬಂದ್ಲಾ?"

"ಇನ್ನೂ ಇಲ್ಲ."

ಈಜು ಬಾರದ ನಾನೇ ಗೋಡೆ ಹತ್ತಿ ನಿಂತು ನೋಡುತ್ತೇನೆ. ಬಿಳಿ ನೊರೆ, ನೊರೆಯಲ್ಲಿ ಹಳದಿ ಬೋರ್ಡಿನ ಒಂದು ತುದಿ, ಅದರ ಸುತ್ತ ಯಾರೂ ಇಲ್ಲ. ಅಕ್ಕ ತಿರುಗಿ ನೋಡುವುದಿಲ್ಲ. ಅವರ ಹೆಗಲು ಮಾತ್ರ ಕಿವಿಯವರೆಗೆ ಏರಿದೆ.

"ಬಂದಳು. ಕೈ ಎತ್ತಿದಳು. ಏನೂ ಆಗಿಲ್ಲ, ನಗ್ತಾ ಇದಾಳೆ" ಎನ್ನುತ್ತಾರೆ ಯಜಮಾನರು. ಅಕ್ಕ ಉಳಿದದ್ದನ್ನು ಬರೆದು ಮುಗಿಸುತ್ತಾರೆ. ಸುಣ್ಣದ ಕೈಯನ್ನು ಸೀರೆಯ ಸೆರಗಿಗೆ ಒರೆಸಿಕೊಂಡು ಗೋಡೆಯ ಮೇಲೆ ಬಂದು ಕೂರುತ್ತಾರೆ. ಆಮೇಲೆ ಮಾತ್ರ ದುರ್ಬೀನು ಎತ್ತುತ್ತಾರೆ.

ಮಗಳು ಇನ್ನೂ ಮೂರು ಅಲೆ ಹಿಡಿಯುತ್ತಾಳೆ. ಕೊನೆಯದು ನನಗೂ ಅರ್ಥವಾಗುವಷ್ಟು ಚೆಂದ. ಬಾಗಿದ ನೀರಿನ ಕೆಳಗೆ ಮೊಣಕಾಲು ಮಡಚಿ, ಒಂದು ಕೈಯಿಂದ ಅಲೆಯ ಗೋಡೆ ಸವರುತ್ತ ಅವಳು ದಡದ ಕಡೆ ಜಾರಿ ಬರುತ್ತಾಳೆ. ನೀರಿನಲ್ಲಿದ್ದವರು ಕೂಗಿ ಸಿಳ್ಳೆ ಹಾಕುತ್ತಾರೆ. ಗಾಳಿ ಹಾಗೇ ಇದೆ, ಅಲೆ ಇನ್ನೂ ನಯವಾಗಿದೆ. ಇನ್ನೊಂದು ಹಿಡಿ ಎಂದು ಎಲ್ಲರೂ ಕರೆಯುತ್ತಾರೆ. ಅವಳು ನೀರಿನ ಮಟ್ಟ ನೋಡುತ್ತಾಳೆ, ತಲೆಯಾಡಿಸುತ್ತಾಳೆ, ಆಳದ ಸಂದಿ ಹಿಡಿದು ಒಬ್ಬಳೇ ದಡಕ್ಕೆ ಬರುತ್ತಾಳೆ. ಅತ್ತೆ ಇನ್ನೂ ಕಂಡಿಲ್ಲ.

ಮೆಟ್ಟಿಲ ಮೇಲೆ ಪುಟ್ಟ ಸಂತೆಯೇ ನೆರೆಯುತ್ತದೆ. ಮಗಳ ಮೊಣಕೈ ತರಚಿ ರಕ್ತ ಬಂದಿದೆ, ಅವಳಿಗೆ ಅದರ ಪರಿವೆಯಿಲ್ಲ. ಮೊದಲ ದಿನವೇ ಮೂರನೇ ಅಲೆಗೆ ಕೈ ಹಾಕಿದಳಲ್ಲ, ಎಂಥ ಎದೆಗಾರಿಕೆ ಎಂದು ಹಳಬರೊಬ್ಬರು ಬೆನ್ನು ತಟ್ಟುತ್ತಾರೆ. ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ, ನಮ್ಮದು ಹೆಗ್ಗಣವೂ ಅಲ್ಲ ಬಿಡಿ ಎಂದು ಯಜಮಾನರು ಎಲ್ಲರ ಕೈ ಕುಲುಕುತ್ತಾರೆ. ಅಕ್ಕ ಗುಂಪಿನ ಹೊರಗೆ ನಿಂತು ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಿದ್ದಾರೆ. ಅವರ ಕೆಲಸ ಮುಗಿದಿದೆ. ನಾಳೆಯ ಅಂಕಿ ನೋಡಲು ಇನ್ನು ಮನೆಗೆ ಹೋಗಬೇಕು.

ಇಂಥ ಲೇಖನಕ್ಕೆ ಕೊನೆಯಲ್ಲೊಂದು ಪ್ರಶ್ನೆ ಇದ್ದೇ ಇರುತ್ತದೆ, ನಾಚಿಕೆ ಬಿಟ್ಟು ಕೇಳುತ್ತೇನೆ. ನಿಮಗೆ ಏನಾದರೂ ಆಸೆ ಇದೆಯೇ? "ಒಂದು ದಿನ ಬಿಸಿಲು ಬರೋವರೆಗೆ ಮಲಗ್ಬೇಕು" ಎನ್ನುತ್ತಾರೆ. ನಾನು ನಗುತ್ತೇನೆ. ಅವರು ನಗುವುದಿಲ್ಲ. ಚೀಲ ಹೆಗಲಿಗೇರಿಸಿ ಎರಡು ಹೆಜ್ಜೆ ಹೋಗಿ ಮತ್ತೆ ತಿರುಗಿ ನಿಲ್ಲುತ್ತಾರೆ.

"ಅವಳ ಧೈರ್ಯದ ಬಗ್ಗೆ ನೀವು ಬರೀತೀರ, ಬರೀರಿ. ಆದ್ರೆ ನಾನು ಒಂದು ಪದ ಜಾಸ್ತಿ ಹೇಳಿದ್ದಿದ್ರೆ ಇವತ್ತು ನನ್ನ ಮಗಳು ಮನೇಲಿ ಇರ್ತಿದ್ಲು ಮೇಡಂ. ನಾನು ಹೇಳ್ಲಿಲ್ಲ. ಅದನ್ನೂ ಬರೀರಿ."